ಅಪ್‌ಡೇಟ್: ಫ್ಲೇರ್ ಸ್ಟ್ಯಾಕ್ ಎತ್ತರದ ಲೆಕ್ಕ ಕೊನೆಗೂ ಕೈಗೆ ಹತ್ತಿತು

ತೈಲ ಶುದ್ಧೀಕರಣ ಘಟಕದ ಫ್ಲೇರ್ ಸ್ಟ್ಯಾಕ್ (ಬೇಡದ ಅನಿಲವನ್ನು ತುದಿಯಲ್ಲಿ ಉರಿಸಿಬಿಡುವ ಕೊಳವೆ) ಎಷ್ಟು ಎತ್ತರವಿದ್ದರೆ ಸುರಕ್ಷಿತ ಎಂದು ಶಿವಮೊಗ್ಗದ ನಮ್ಮ ಕಾಲೇಜು ಪ್ರಾಜೆಕ್ಟ್‌ಗಾಗಿ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದಗಳು.

ಸಲ್ಫರ್ ಡೈಆಕ್ಸೈಡ್ ಪ್ರಮಾಣದಿಂದ ಎತ್ತರ ಕಂಡುಕೊಳ್ಳುವ ಚಿಮಣಿ ಸೂತ್ರ ಉಪಯೋಗಕ್ಕೆ ಬರಲಿಲ್ಲ. ಅದು ಬಾಯ್ಲರ್ ಚಿಮಣಿಗೆ ಸರಿ. ಫ್ಲೇರ್‌ನಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಜ್ವಾಲೆಯ ಶಾಖ. ಕೈಹಿಡಿದದ್ದು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ ಮಾನದಂಡ ಎಪಿಐ 521 ತೋರಿಸುವ ದಾರಿ: ತುರ್ತು ಸಮಯದ ಗರಿಷ್ಠ ಅನಿಲ ಹರಿವಿನಿಂದ ಜ್ವಾಲೆಯ ಉದ್ದ ತೆಗೆದು, ಗಾಳಿಗೆ ಬಾಗಿದ ಜ್ವಾಲೆಯ ನಡುಬಿಂದುವಿನಿಂದ ನೆಲದ ಮೇಲಿನ ಮನುಷ್ಯನಿಗಿರುವ ದೂರ ಲೆಕ್ಕಹಾಕುವುದು. ಸಿಬ್ಬಂದಿ ಸತತವಾಗಿ ಇರುವಲ್ಲಿ ಚದರ ಮೀಟರಿಗೆ 1.58 ಕಿಲೋವ್ಯಾಟ್, ತಕ್ಕ ಉಡುಪು ತೊಟ್ಟು ಎರಡು ಮೂರು ನಿಮಿಷ ಮಾತ್ರ ಕೆಲಸ ಮಾಡುವಲ್ಲಿ 4.73 ಕಿಲೋವ್ಯಾಟ್ ಶಾಖದ ಮಿತಿ. ಗಾಳಿಯ ಬಾಗನ್ನು ಸೇರಿಸಿದ ಕೂಡಲೇ ಬೇಕಾದ ಎತ್ತರ ಏರಿತು.

ಆಗುಂಬೆಯಂಥ ಮಳೆಯ ತೇವ ಶಾಖವನ್ನು ಹೀರುವುದರಿಂದ ಎತ್ತರ ತಗ್ಗಿಸಬಹುದೇ ಎಂದು ತೀರ್ಥಹಳ್ಳಿಯ ಗೆಳೆಯರೊಬ್ಬರು ಕೇಳಿದ್ದರು. ಹೀರುವುದೇನೋ ನಿಜ. ಆದರೆ ಗಾಳಿಯನ್ನು ದಾಟಿ ಬರುವ ಶಾಖದ ಸೂತ್ರದಲ್ಲಿ ತೇವಾಂಶದ ಘಾತಾಂಕ (ಪವರ್) ಬರೀ 1/16. ತೇವಾಂಶ ಶೇ 50ರಿಂದ ಶೇ 100ಕ್ಕೆ ಏರಿದರೂ ತಲುಪುವ ಶಾಖ ಇಳಿಯುವುದು ಸುಮಾರು ಶೇ 4! ನನಗಂತೂ ಅಚ್ಚರಿಯಾಯಿತು.

ಜ್ವಾಲೆ ಆರಿಹೋದರೆ ಉರಿಯದೆ ಹೊರಬರುವ ವಿಷಾನಿಲ ಹೈಡ್ರೋಜನ್ ಸಲ್ಫೈಡ್ ನೆಲಮಟ್ಟಕ್ಕೆ ಎಷ್ಟು ಬರುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. ಈಗ ಆ ಲೆಕ್ಕ ನಡೆದಿದೆ.