ಏಲಕ್ಕಿ ಹಾರದ ಅಂಚು: ಇರೇಸರ್ ಸಾಕೇ, ಲೇಯರ್ ಮಾಸ್ಕ್ ಬೇಕೇ?

ಹಾವೇರಿಯ ಹೊಸಬ:
ಎಲ್ಲರಿಗೂ ನಮಸ್ಕಾರ. ನಾನು ಸ್ಟುಡಿಯೋ ಒಂದರಲ್ಲಿ ಮದುವೆ ಆಲ್ಬಂ ಕೆಲಸ ಕಲಿಯುತ್ತಿದ್ದೇನೆ. ಕಳೆದ ವಾರ ಏಲಕ್ಕಿ ಹಾರ ಹಾಕಿಕೊಂಡು ನಿಂತಿದ್ದ ವಧೂವರರ ಫೋಟೋದಲ್ಲಿ ಹಿಂದಿನ ಶಾಮಿಯಾನವನ್ನು ಫೋಟೋಶಾಪ್‌ನ ಇರೇಸರ್‌ನಿಂದ ಅಳಿಸಿ ಬೇರೆ ಬ್ಯಾಕ್‌ಗ್ರೌಂಡ್ ಕೂರಿಸಿದೆ. ಫೈಲ್ ಸೇವ್ ಮಾಡಿ ಮುಚ್ಚಿದ ಮೂರು ದಿನಗಳ ಮೇಲೆ ಮನೆಯವರು ಬಂದು, ವರನ ಎಡಭುಜದ ಬಳಿ ಹಾರದ ಮೂರು ನಾಲ್ಕು ಏಲಕ್ಕಿ ಕಾಣುತ್ತಿಲ್ಲವೆಂದು ಬೆರಳಿಟ್ಟು ತೋರಿಸಿದರು. ಅಳಿಸಿದ್ದನ್ನು ಮರಳಿ ತರಲಾಗದೆ ಇಡೀ ಕಟಿಂಗ್ ಅನ್ನು ಮೊದಲಿನಿಂದ ಮಾಡಬೇಕಾಯಿತು. ಮಾಸ್ಕ್ ಹಾಕಿದ್ದರೆ ಈ ಪಾಡು ಬರುತ್ತಿರಲಿಲ್ಲ ಎನ್ನುತ್ತಾನೆ ಗೆಳೆಯ. ಸೀಸನ್‌ನಲ್ಲಿ ಅದಕ್ಕೆಲ್ಲ ಹೊತ್ತೆಲ್ಲಿದೆ ಎನ್ನುತ್ತಾರೆ ಸ್ಟುಡಿಯೋದ ಹಿರಿಯರು. ಬಲ್ಲವರು ತಿಳಿಸಬೇಕು.

ಗದಗದ ಹವ್ಯಾಸಿ:
ನಿಮ್ಮ ಗೆಳೆಯರ ಮಾತು ಸರಿಯಾಗಿದೆ. ಇರೇಸರ್ ಚಿತ್ರದ ಪಿಕ್ಸೆಲ್‌ಗಳನ್ನೇ ತೆಗೆದುಹಾಕುತ್ತದೆ, ಮಾಸ್ಕ್ ಅವುಗಳನ್ನು ಮರೆಮಾಡುತ್ತದೆ ಅಷ್ಟೆ. ಮಾಸ್ಕ್ ಎಂದರೆ ಲೇಯರ್‌ಗೆ, ಅಂದರೆ ಫೈಲ್‌ನಲ್ಲಿ ಒಂದರ ಮೇಲೊಂದು ಇಡುವ ಚಿತ್ರದ ಪದರಕ್ಕೆ, ಅಂಟಿಕೊಂಡ ಒಂದು ಕಪ್ಪುಬಿಳುಪು ಚಿತ್ರ. ಅದರಲ್ಲಿ ಬಿಳಿ ಇದ್ದಲ್ಲಿ ಲೇಯರ್ ಕಾಣುತ್ತದೆ, ಕಪ್ಪು ಇದ್ದಲ್ಲಿ ಕಾಣುವುದಿಲ್ಲ, ಬೂದು ಇದ್ದಲ್ಲಿ ಅರೆಬರೆಯಾಗಿ ಕಾಣುತ್ತದೆ. 8 ಬಿಟ್ ಫೈಲ್‌ನಲ್ಲಿ ಕಪ್ಪಿನಿಂದ ಬಿಳಿಯವರೆಗೆ 256 ಮೆಟ್ಟಿಲುಗಳಿರುತ್ತವೆ. ಹೋದ ಏಲಕ್ಕಿಯ ಮೇಲೆ ಬಿಳಿ ಬ್ರಷ್ ಆಡಿಸಿದ್ದರೆ ಆ ನಾಲ್ಕು ಕಾಯಿಗಳಷ್ಟೇ ಮರಳುತ್ತಿದ್ದವು, ಉಳಿದ ಕಟಿಂಗ್ ಇದ್ದ ಹಾಗೆಯೇ ಇರುತ್ತಿತ್ತು.

ಹುಬ್ಬಳ್ಳಿಯ ಆಲ್ಬಂ ಡಿಸೈನರ್:
ಮೇಡಂ ಹೇಳಿದ್ದು ತತ್ವಕ್ಕೆ ಸರಿ, ಆದರೆ ಮದುವೆ ಸೀಸನ್‌ನಲ್ಲಿ ನಮ್ಮ ಮೇಜಿನ ಮೇಲೆ ಒಂದು ಫೋಟೋ ಅಲ್ಲ, ಒಂದು ಆಲ್ಬಂಗೆ ನಲವತ್ತು ಶೀಟ್ ಇರುತ್ತವೆ. ನಾನು ಮೂಲ ಲೇಯರ್‌ನ ಒಂದು ನಕಲನ್ನು ಕೆಳಗೆ ಅಡಗಿಸಿಟ್ಟು ಮೇಲಿನದನ್ನು ಇರೇಸರ್‌ನಿಂದ ಕತ್ತರಿಸುತ್ತೇನೆ. ತಪ್ಪಾದರೆ ಮಾಡಿದ ಹಂತಗಳಲ್ಲಿ ಹಿಂದೆ ಹೋಗಲು ಹಿಸ್ಟರಿ ಇದೆ, ಇಲ್ಲವೇ ಕೆಳಗಿನ ನಕಲು ಇದೆ. ಲ್ಯಾಬ್‌ಗೆ ಹೋಗುವುದು ಜೆಪೆಗ್; ಅದರಲ್ಲಿ ಲೇಯರೂ ಉಳಿಯುವುದಿಲ್ಲ, ಮಾಸ್ಕೂ ಉಳಿಯುವುದಿಲ್ಲ. ಹಾಗಿರುವಾಗ ಪ್ರತಿ ಫೋಟೋಗೂ ಮಾಸ್ಕ್ ಹೊರಿಸಿ ಫೈಲ್ ಭಾರ ಮಾಡುವುದೇಕೆ?

ಗದಗದ ಹವ್ಯಾಸಿ:
ಸರ್, ಭಾರದ ಲೆಕ್ಕವನ್ನೇ ಮೊದಲು ನೋಡೋಣ. 12×36 ಇಂಚಿನ ಶೀಟ್ 300 ಡಿಪಿಐನಲ್ಲಿ 3600×10800, ಅಂದರೆ ಸುಮಾರು 3.9 ಕೋಟಿ ಪಿಕ್ಸೆಲ್. ಶೀಟ್ ತುಂಬಿದ ಬಣ್ಣದ ಲೇಯರ್‌ನ ಒಂದು ನಕಲು ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್ ಸೇರಿ ಸುಮಾರು 117 ಎಂಬಿ. ಅಷ್ಟೇ ದೊಡ್ಡ ಮಾಸ್ಕ್ ಒಂದೇ ಚಾನೆಲ್ ಆದ್ದರಿಂದ ಸುಮಾರು 39 ಎಂಬಿ. ಅದರಲ್ಲಿ ಬಹುಪಾಲು ಬರೀ ಬಿಳಿ ಅಥವಾ ಬರೀ ಕಪ್ಪಾಗಿರುವುದರಿಂದ ಸೇವ್ ಮಾಡುವಾಗ ಇನ್ನೂ ಚೆನ್ನಾಗಿ ಕುಗ್ಗುತ್ತದೆ. ತಾವು ಇಡುವ ನಕಲೇ ಹೆಚ್ಚು ಭಾರ. ಇನ್ನು ಹಿಸ್ಟರಿ ಫೈಲ್ ಮುಚ್ಚಿದೊಡನೆ ಹೋಗುತ್ತದೆ, ಮುಚ್ಚದಿದ್ದರೂ ಈಗಿನ ಫೋಟೋಶಾಪ್‌ನ ಮೂಲ ಸೆಟ್ಟಿಂಗ್‌ನಲ್ಲಿ 50 ಹಂತವಷ್ಟೇ. ಬ್ರಷ್‌ನ ಒಂದೊಂದು ಎಳೆತವೂ ಒಂದೊಂದು ಹಂತ. ಹಾರದ ಒಂದು ಬದಿ ಅಳಿಸುವುದರೊಳಗೆ ಐವತ್ತು ಮುಗಿದಿರುತ್ತದೆ.

ಧಾರವಾಡದ ಹಳೆಯ ಸ್ಟುಡಿಯೋದವರು:
ನಡುವೆ ಒಂದು ಮಾತು. ನಾವು ಡಾರ್ಕ್‌ರೂಮ್‌ನಲ್ಲಿ ಪ್ರಿಂಟ್ ಹಾಕುವಾಗ ಮುಖ ಕಪ್ಪಾಗದಿರಲೆಂದು ತಂತಿಯ ತುದಿಗೆ ರಟ್ಟಿನ ಬಿಲ್ಲೆ ಕಟ್ಟಿ, ಫಿಲ್ಮ್‌ನ ಚಿತ್ರವನ್ನು ಕಾಗದದ ಮೇಲೆ ಬೀಳಿಸುವ ಎನ್‌ಲಾರ್ಜರ್‌ನ ಬೆಳಕಿಗೆ ಅಡ್ಡ ಹಿಡಿಯುತ್ತಿದ್ದೆವು. ಬಿಲ್ಲೆಯನ್ನು ಒಂದೇ ಕಡೆ ನಿಲ್ಲಿಸಿದರೆ ಪ್ರಿಂಟ್‌ನಲ್ಲಿ ಅದರ ಗೆರೆ ಮೂಡುತ್ತಿತ್ತು, ಆದ್ದರಿಂದ ಕೈ ಸದಾ ಅಲ್ಲಾಡುತ್ತಿರಬೇಕಿತ್ತು. ಫೋಟೋಶಾಪ್‌ಗೆ ಲೇಯರ್ ಬಂದದ್ದು 1994ರ 3.0 ಆವೃತ್ತಿಯಲ್ಲಿ, ನಾನು ಮಾಸ್ಕ್ ಕಲಿತದ್ದು ಅದಾದ ಎಷ್ಟೋ ವರ್ಷಗಳ ಮೇಲೆ, ಮತ್ತು ಮೆದು ಬ್ರಷ್‌ನಲ್ಲಿ ಬಣ್ಣ ಸುರಿಯುವ ಪ್ರಮಾಣವಾದ ಫ್ಲೋ ಅನ್ನು ಶೇಕಡ 10ಕ್ಕೆ ಇಳಿಸಿ ಮಾಸ್ಕ್ ಬಳಿದ ದಿನ ನನಗೆ ನೆನಪಾದದ್ದು ಆ ಅಲ್ಲಾಡುವ ಬಿಲ್ಲೆಯೇ. ಹುಬ್ಬಳ್ಳಿಯವರೇ, ಕತ್ತರಿಸುವುದಕ್ಕೆ ಇರೇಸರ್ ಸಾಕೆಂದು ಒಂದು ಗಳಿಗೆ ಒಪ್ಪೋಣ. ಅರಿಶಿಣ ಶಾಸ್ತ್ರದ ಫೋಟೋದಲ್ಲಿ ವಧುವಿನ ಮುಖಕ್ಕಷ್ಟೇ, ಬೆಳಕು ನೆರಳು ತಿದ್ದುವ ಕರ್ವ್ಸ್‌ನಿಂದ, ಬೆಳಕು ಕೊಡಬೇಕಾದಾಗ ಏನು ಮಾಡುತ್ತೀರಿ? ಅಲ್ಲಿ ಅಡ್ಜಸ್ಟ್‌ಮೆಂಟ್ ಲೇಯರ್‌ನ, ಅಂದರೆ ಕೆಳಗಿನ ಚಿತ್ರವನ್ನು ಮುಟ್ಟದೆ ಬೆಳಕು ಬಣ್ಣ ತಿದ್ದುವ ಪದರದ, ಮಾಸ್ಕೇ ಒಳ್ಳೆಯ ದಾರಿ. ‘ನಮ್ಮ ಹುಡುಗಿ ಇಷ್ಟು ಬೆಳ್ಳಗಿಲ್ಲ’ ಎಂದು ತಾಯಿ ಹೇಳಿದರೆ ಪ್ರಾಪರ್ಟೀಸ್‌ನಲ್ಲಿರುವ ಮಾಸ್ಕ್‌ನ ಡೆನ್ಸಿಟಿ ಮುಟ್ಟಬೇಡಿ, ಅದನ್ನು ಇಳಿಸಿದರೆ ಕಪ್ಪು ಭಾಗ ತೆಳುವಾಗಿ ಬೆಳಕು ಸುತ್ತಲೂ ಹರಡುತ್ತದೆ; ಇಡೀ ಲೇಯರ್ ಎಷ್ಟು ಗಾಢವಾಗಿ ಕಾಣಬೇಕೆಂದು ಹೇಳುವ ಒಪ್ಯಾಸಿಟಿಯನ್ನು ಇಳಿಸಬೇಕು. ಹುಡುಗಿಯ ಮೈಬಣ್ಣ ಇದ್ದ ಹಾಗೆ ಉಳಿಯುವುದು ಮುಖ್ಯವೆಂದು ನಾನು ನಂಬಿದ್ದೇನೆ.

ಹುಬ್ಬಳ್ಳಿಯ ಆಲ್ಬಂ ಡಿಸೈನರ್:
ಫೈಲ್ ಗಾತ್ರದ ಲೆಕ್ಕವನ್ನು ಒಪ್ಪಿದೆ. ಮುಖದ ಬೆಳಕಿಗೆ ನಾನೂ ಮಾಸ್ಕನ್ನೇ ಬಳಸುತ್ತೇನೆ. ನನ್ನ ತಕರಾರು ಬೇರೆ. ಮಾಸ್ಕ್ ಕಲಿತ ಹುಡುಗರು ‘ಆಮೇಲೆ ಸರಿ ಮಾಡಬಹುದು’ ಎಂಬ ಧೈರ್ಯದಿಂದ ಅಂಚನ್ನು ಸರಿಯಾಗಿ ನೋಡುವುದಿಲ್ಲ. ಎಲ್ಲ ಕಡೆಯೂ ಒಂದೇ ಮೆದು ಬ್ರಷ್ ಆಡಿಸುತ್ತಾರೆ. ಇಳಕಲ್ ಸೀರೆಯ ಸೆರಗಿನ ಗೆರೆ ಹೊಗೆಯಂತೆ ಕರಗಿಹೋದ ಶೀಟುಗಳು ನನ್ನ ಬಳಿ ತಿದ್ದಲು ಬಂದಿವೆ. ಇರೇಸರ್ ಹಿಡಿದವನಿಗೆ ಕನಿಷ್ಠ ಭಯವಾದರೂ ಇರುತ್ತದೆ.

ಗದಗದ ಹವ್ಯಾಸಿ:
ಈ ತಕರಾರು ನ್ಯಾಯವಾದದ್ದು. ಅಂಚು ಎಷ್ಟು ಮೆದುವಾಗಿರಬೇಕೆಂಬುದನ್ನು ಬ್ರಷ್ ಅಲ್ಲ, ಮೂಲ ಫೋಟೋದ ಫೋಕಸ್ ಹೇಳಬೇಕು. ಎದೆಯ ಮೇಲಿನ ಏಲಕ್ಕಿ ಸ್ಪಷ್ಟವಾಗಿದ್ದರೆ ಅದರ ಮಾಸ್ಕ್ ಅಂಚು ಗಟ್ಟಿಯಾಗಿರಬೇಕು. ಫೋಕಸ್‌ನಿಂದ ಹಿಂದೆ ಸರಿದ ಭುಜಕ್ಕೆ ಮೆದು ಅಂಚು, ಹಾರುವ ಕೂದಲಿಗೆ ಎಳೆಗಳ ಅಂಚನ್ನು ತಾನೇ ಹುಡುಕುವ ಸೆಲೆಕ್ಟ್ ಅಂಡ್ ಮಾಸ್ಕ್. ನಾನೂ ಇದರಲ್ಲಿ ಎಡವಿದವಳೇ. ಲಕ್ಕುಂಡಿಯ ಕಾಶಿ ವಿಶ್ವನಾಥ ಗುಡಿಯ ಒಳಗಿನಿಂದ, ಎದುರಿಗಿರುವ ಸೂರ್ಯನ ಗುಡಿ ಬಾಗಿಲಲ್ಲಿ ಕಾಣುವ ಹಾಗೆ ನಡುಹಗಲಲ್ಲಿ ತೆಗೆದ ಫೋಟೋ ಅದು. ಒಂದೇ ರಾ ಫೈಲನ್ನು, ಅಂದರೆ ಕ್ಯಾಮೆರಾ ಕೊಟ್ಟ ಸಂಸ್ಕರಿಸದ ಮೂಲ ಫೈಲನ್ನು, ಒಳಗಿನ ಕಂಬಗಳಿಗೆಂದು ಬೆಳಕಾಗಿ, ಹೊರಗಿನ ಬಿಸಿಲಿಗೆಂದು ಕಪ್ಪಾಗಿ, ಎರಡು ಬಾರಿ ತೆರೆದು ಒಂದರ ಮೇಲೊಂದಿಟ್ಟು ಮೆದು ಬ್ರಷ್‌ನಿಂದ ಮಾಸ್ಕ್ ಮಾಡಿದೆ. ಬಾಗಿಲುವಾಡದ ಸಣ್ಣ ಕೆತ್ತನೆಗಳ ಸುತ್ತ ಮಂಕು ಪ್ರಭೆ ಕಟ್ಟಿಕೊಂಡು, ಕಲ್ಲು ಮಸಿ ಹಿಡಿದಂತೆ ಕಂಡಿತು. ಕೊನೆಗೆ ಚಾನೆಲ್ಸ್‌ನಲ್ಲಿ ಆರ್‌ಜಿಬಿ ಮೇಲೆ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ, ಬೆಳಕಿನ ಪ್ರಮಾಣದಿಂದಲೇ ಸೆಲೆಕ್ಷನ್ ಪಡೆದು, ಮೇಲಿದ್ದ ಕಪ್ಪು ಲೇಯರ್‌ಗೆ ಅದನ್ನೇ ಮಾಸ್ಕ್ ಮಾಡಿದೆ. ಆಗ ಕೆತ್ತನೆಯ ಒಂದೊಂದು ಏಣೂ ತನ್ನ ಗಡಿಯನ್ನು ತಾನೇ ಹಾಕಿಕೊಂಡಿತು. ಮಾಸ್ಕನ್ನು ಕೈಯಿಂದಲೇ ಬಳಿಯಬೇಕೆಂದೇನೂ ಇಲ್ಲ.

ಹಾವೇರಿಯ ಹೊಸಬ:
ತಮ್ಮೆಲ್ಲರ ಮಾತು ಓದಿ ಅದೇ ಫೋಟೋವನ್ನು ಮನೆಯ ಕಂಪ್ಯೂಟರ್‌ನಲ್ಲಿ ಗಿಂಪ್ ಎಂಬ ಉಚಿತ ಫೋಟೋ ತಂತ್ರಾಂಶದಲ್ಲಿ ತೆರೆದು ಮಾಸ್ಕ್ ಸೇರಿಸಿದೆ. ಆದರೆ ಕಪ್ಪು ಬಳಿದರೆ ವರನ ಅಂಗಿಯ ಮೇಲೆಯೇ ಕಪ್ಪು ಬಣ್ಣ ಬಿತ್ತು. ಎಲ್ಲಿ ತಪ್ಪಿದೆ?

ಧಾರವಾಡದ ಹಳೆಯ ಸ್ಟುಡಿಯೋದವರು:
ತಮ್ಮಾ, ಲೇಯರ್ ಸಾಲಿನಲ್ಲಿ ಎರಡು ಪುಟ್ಟ ಚಿತ್ರಗಳಿವೆ, ಎಡಗಡೆಯದು ಫೋಟೋ, ಬಲಗಡೆಯದು ಮಾಸ್ಕ್. ನೀನು ಫೋಟೋವನ್ನು ಆರಿಸಿಕೊಂಡು ಬಳಿದಿದ್ದೀಯ. ಬಲಗಡೆಯದರ ಮೇಲೆ ಒಮ್ಮೆ ಕ್ಲಿಕ್ ಮಾಡಿ ಆಮೇಲೆ ಬ್ರಷ್ ಹಿಡಿ. ಆಲ್ಟ್ ಒತ್ತಿ ಅದೇ ಮಾಸ್ಕ್ ಮೇಲೆ ಕ್ಲಿಕ್ ಮಾಡಿದರೆ ಮಾಸ್ಕ್ ಮಾತ್ರ ಪರದೆ ತುಂಬ ಕಾಣುತ್ತದೆ. ಅಳಿಸಲು ಬಿಟ್ಟುಹೋದ ಬೂದು ಚುಕ್ಕೆಗಳು ಆಗ ಕಣ್ಣಿಗೆ ಬೀಳುತ್ತವೆ.

ಹುಬ್ಬಳ್ಳಿಯ ಆಲ್ಬಂ ಡಿಸೈನರ್:
ಹಾರದ ಸುತ್ತ ಹಳೆಯ ಶಾಮಿಯಾನದ ಕೆಂಪು ಗೆರೆ ಉಳಿದಿದ್ದರೆ ಮತ್ತೆ ಬಳಿಯುತ್ತ ಕೂರಬೇಡಿ. ಸ್ಟುಡಿಯೋದ ಫೋಟೋಶಾಪ್‌ನಲ್ಲಿ ಮಾಸ್ಕ್ ಆರಿಸಿಕೊಂಡು, ಫಿಲ್ಟರ್‌ನ ಅದರ್ ಒಳಗಿರುವ ಮಿನಿಮಮ್ ಅನ್ನು 1 ಪಿಕ್ಸೆಲ್‌ಗೆ ಕೊಡಿ; ಕಪ್ಪು ಒಂದು ಪಿಕ್ಸೆಲ್ ಒಳಗೆ ಸರಿದು ಗೆರೆ ಮುಚ್ಚಿಹೋಗುತ್ತದೆ. ಇರೇಸರ್‌ನಲ್ಲಿ ಈ ಅನುಕೂಲ ಇಲ್ಲವೆಂಬುದನ್ನು ನಾನು ಒಪ್ಪಲೇಬೇಕು. ಆಲ್ಬಂ ಮನೆಯವರ ಕೈ ಸೇರುವವರೆಗೂ ಆ ಪಿಎಸ್‌ಡಿಯನ್ನು (ಲೇಯರ್‌ಗಳು ಉಳಿದಿರುವ ಫೋಟೋಶಾಪ್ ಫೈಲ್) ಫ್ಲ್ಯಾಟನ್ ಮಾಡಬೇಡಿ, ಅಂದರೆ ಲೇಯರ್‌ಗಳನ್ನೆಲ್ಲ ಒಂದಾಗಿಸಬೇಡಿ.

ಹಾವೇರಿಯ ಹೊಸಬ:
ಸರ್, ಮೇಡಂ, ಗುರುಗಳೇ, ಇವತ್ತು ಸ್ಟುಡಿಯೋದಲ್ಲಿ ಹಾಗೆಯೇ ಮಾಡಿದೆ. ಕೆಂಪು ಗೆರೆ ಹೋಯಿತು, ಆದರೆ ಅದರೊಂದಿಗೆ ಹಾರದ ತುದಿಯ ಕುಚ್ಚಿನ ಎಳೆಗಳೂ ಮರೆಯಾದವು. ಆ ಎಳೆಗಳ ಮೇಲೆ 2 ಪಿಕ್ಸೆಲ್‌ನ ಬಿಳಿ ಬ್ರಷ್ ಎಳೆದು ಒಂದೊಂದಾಗಿ ಮರಳಿ ತಂದೆ.