ಪದ ಬೇಕು, ಶುಕ್ರವಾರದೊಳಗೆ: ಕಾಲುವೆ ದಡಕ್ಕೆ ದೋಣಿ 'ಕಟ್ಟುವುದಕ್ಕೆ' ಏನನ್ನಬೇಕು?

ಶ್ರಾಪ್‌ಶೈರ್‌ನಿಂದ:

ಈ ಮೇಲಿಂಗ್ ಲಿಸ್ಟಿನ ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರ. ಶನಿವಾರ ಬೆಳಿಗ್ಗೆ ಅಪ್ಪ, ಅಮ್ಮ, ಸೋದರಮಾವ, ಅತ್ತೆ ಎಲ್ಲರನ್ನೂ ಕರೆದುಕೊಂಡು ಇಲ್ಲಿ ಇಂಗ್ಲೆಂಡಿನಲ್ಲಿ ಮಾಂಟ್ಗೊಮರಿ ಕಾಲುವೆಯ ಬಾಡಿಗೆ ದೋಣಿ ಹತ್ತುತ್ತಿದ್ದೇವೆ. ಈ ಕಾಲುವೆಯ ದಂಡೆ 1936ರಲ್ಲಿ ಒಡೆಯಿತು. ರಿಪೇರಿ ಮಾಡಲಿಲ್ಲ, 1944ರಲ್ಲಿ ಕಾನೂನು ಮಾಡಿಯೇ ಕೈಬಿಟ್ಟರು. 1969ರಿಂದ ಜನ ಸೇರಿಕೊಂಡು ಹೂಳೆತ್ತಿ, ಸೇತುವೆ ಎತ್ತರಿಸಿ, ತುಂಡು ತುಂಡಾಗಿ ತೆರೆಯುತ್ತಾ ಬಂದಿದ್ದಾರೆ. ಈಗ ಫ್ರಾಂಕ್ಟನ್ನಿನಿಂದ ಕ್ರಿಕ್‌ಹೀತ್‌ವರೆಗೆ ದೋಣಿ ಹೋಗುತ್ತದೆ. ಮುಂದೆ ವೆಲ್ಷ್‌ಪೂಲ್ ಸುತ್ತ ಇನ್ನೊಂದು ತುಂಡಿನಲ್ಲಿ ನೀರಿದೆ, ಆದರೆ ಇಲ್ಲಿಂದ ಅಲ್ಲಿಗೆ ನೀರಿನ ದಾರಿ ಇಲ್ಲ.

ಮನೆಯವರಿಗೆ ಒಂದು ಹಾಳೆಯಲ್ಲಿ ಕನ್ನಡದ ಸೂಚನೆ ಬರೆದು, ಲ್ಯಾಮಿನೇಟ್ ಮಾಡಿಸಿ ದೋಣಿಯಲ್ಲಿ ನೇತುಹಾಕಬೇಕು. ಮೂರಿಂಗ್ ಅಂದರೆ ದೋಣಿಯನ್ನು ದಡಕ್ಕೆ ಹಗ್ಗದಿಂದ ಬಿಗಿದು ನಿಲ್ಲಿಸುವುದು. ಅದಕ್ಕೆ ನಾನು ಮೊದಲು 'ಲಂಗರು ಹಾಕುವುದು' ಎಂದು ಬರೆದೆ. ಅಪ್ಪ ಫೋನಿನಲ್ಲಿ "ಲಂಗರು ಎಷ್ಟು ಭಾರ ಇರುತ್ತೆ? ನನ್ನ ಸೊಂಟ ಸರಿಯಿಲ್ಲ" ಎಂದರು. ಇಲ್ಲಿ ಲಂಗರಿನ ಕೆಲಸವೇ ಇಲ್ಲ. ಎರಡು ಹಗ್ಗ, ಎರಡು ಕಬ್ಬಿಣದ ಗೂಟ, ಒಂದು ಸುತ್ತಿಗೆ, ಅಷ್ಟೇ. ಆಮೇಲೆ 'ದೋಣಿ ಕಟ್ಟುವ ಜಾಗ' ಎಂದು ತಿದ್ದಿದೆ. ಅಮ್ಮ ಕೇಳಿದರು: "ನಾವೇ ಹೋಗಿ ದೋಣಿ ಕಟ್ಟಬೇಕಾ? ಬಾಡಿಗೆಗೆ ಸಿಗುತ್ತೆ ಅಂದಿದ್ದೆಯಲ್ಲ!"

ಮೂರಿಂಗ್, ಲಾಕ್, ವಿಂಡಿಂಗ್ ಹೋಲ್. ಈ ಮೂರಕ್ಕೆ ಪದ ಕೊಡಿ. ಎರಡನೆಯದು ನೀರು ತುಂಬಿಸಿ, ಇಳಿಸಿ ದೋಣಿಯನ್ನು ಮೇಲಿನ ಮಟ್ಟಕ್ಕೋ ಕೆಳಗಿನ ಮಟ್ಟಕ್ಕೋ ದಾಟಿಸುವ ಬಾಗಿಲಿನ ತೊಟ್ಟಿ. ಮೂರನೆಯದು ದೋಣಿ ತಿರುಗಿಸಲೆಂದು ದಂಡೆ ಕೊರೆದು ಅಗಲ ಮಾಡಿದ ಜಾಗ. ನಮ್ಮ ದೋಣಿ 57 ಅಡಿ ಉದ್ದ. ಅದನ್ನು ಬೇರೆಲ್ಲೂ ತಿರುಗಿಸಲು ಆಗುವುದಿಲ್ಲ.

ಮೈಸೂರಿನಿಂದ:

ಲಂಗರು ಫಾರಸಿ. ಬಿಡಿ. ಕನ್ನಡದಲ್ಲಿ 'ಅಂಬಿ' ಎಂದರೆ ದೋಣಿ. ತಮಿಳಿನಲ್ಲೂ ಅಂಬಿಯೇ. 'ಅಂಬು ಎಂದರೆ ನೀರು, ಅದರಿಂದ ಅಂಬಿಗ' ಎಂದು ಶಾಲೆಯಲ್ಲಿ ಹೇಳಿಕೊಟ್ಟದ್ದನ್ನು ಇನ್ನಾದರೂ ಮರೆಯಿರಿ. ಅಂಬಿ, ತಂಗು, ಎರಡೂ ನಮ್ಮವು. ಸೇರಿಸಿದರೆ 'ಅಂಬಿದಂಗು'. ಆದೇಶ ಸಂಧಿ, ವಿವರಿಸಬೇಕಿಲ್ಲ. ಲಾಕ್‌ಗೆ 'ನೀರೇಣಿ'. ಮೂರನೆಯದಕ್ಕೆ 'ತಿರುಗುಮಡು'. ದೋಣಿ ನಡೆಸುವವರಿಗೆ 'ಚುಕ್ಕಾಣಿ ಹಿಡಿಯಿರಿ' ಎಂದರೆ ಸಾಕು.

ಮಲ್ಪೆಯಿಂದ:

ಮೇಷ್ಟ್ರೇ, ಅಂಬಿದಂಗು ಅಂತ ಇಲ್ಲಿ ಕೂಗಿದರೆ ಒಬ್ಬನೂ ತಿರುಗಿ ನೋಡುವುದಿಲ್ಲ ಮಾರಾಯ್ರೆ. ಯಾವುದೋ ಹೊಸ ಹೋಟೆಲ್ ಅಂದುಕೊಂಡಾರು.

ಲಂಗರು ನೀರಿಗೆ ಬಿಡುವುದು. ತಳ ಕಚ್ಚಿ ಹಿಡಿಯುವುದು ಅದರ ಕೆಲಸ. ದಡದ ಕಲ್ಲಿಗೋ ಗೂಟಕ್ಕೋ ಹಗ್ಗ ಬಿಗಿದರೆ ಅದು ಲಂಗರಲ್ಲ. ಪೇಪರಿನವರು ಎರಡನ್ನೂ ಲಂಗರು ಅಂತಲೇ ಬರೆಯುತ್ತಾರೆ, ಸಮುದ್ರ ನೋಡದವರು. ನಾವು 'ದೋಣಿ ಕಟ್ಟಿಹಾಕು' ಎನ್ನುತ್ತೇವೆ. ಬರೀ 'ಕಟ್ಟು' ಎಂದರೆ ನಿಮ್ಮ ಅಮ್ಮನ ಹಾಗೆ ಯಾರಿಗಾದರೂ ಅನುಮಾನ ಬರುತ್ತದೆ, ಮರ ಕೊಯ್ದು ಕಟ್ಟುವುದೂ ಕಟ್ಟುವುದೇ ಅಲ್ವಾ. 'ಹಾಕು' ಸೇರಿದರೆ ಅನುಮಾನ ಇಲ್ಲ. ಹಸು ಕಟ್ಟಿಹಾಕಿದ ಹಾಗೆ. ಅದಕ್ಕೆಂದೇ ಕಟ್ಟೆ ಇದ್ದರೆ 'ದಕ್ಕೆ' ಎನ್ನಿ.

ಇನ್ನೊಂದು ಮಾತು. ಮುಂದಿನ ಹಗ್ಗ ಮುಂದಕ್ಕೆ ಓರೆಯಾಗಿ ಹೋಗಲಿ, ಹಿಂದಿನದು ಹಿಂದಕ್ಕೆ. ನೇರ ಕಟ್ಟಿದರೆ ಪಕ್ಕದಲ್ಲಿ ಬೇರೆ ದೋಣಿ ಹೋದಾಗ ಎಳೆದಾಡುತ್ತದೆ.

ಬಳ್ಳಾರಿಯಿಂದ:

'ನೀರೇಣಿ' ಕೇಳಲು ಚಂದ. ಆದರೆ ಏಣಿಗೆ ಬಾಗಿಲು ಇರುವುದಿಲ್ಲ. ನಮ್ಮ ಪಕ್ಕದ ತೆಲುಗಿನವರು ಯಾವ ಸಮಿತಿಯನ್ನೂ ಕೇಳದೆ 'ಲಾಕು' ಎಂದರು. ಗೋದಾವರಿಗೆ ಧವಳೇಶ್ವರದಲ್ಲಿ ಆರ್ಥರ್ ಕಾಟನ್ ಅಣೆಕಟ್ಟು ಕಟ್ಟಿಸಿದ್ದು 1847ರಿಂದ 1852ರವರೆಗೆ. ಅದರ ಕಾಲುವೆಗಳಲ್ಲಿ ನೀರಾವರಿಯ ಜೊತೆಗೆ ದೋಣಿಗಳೂ ಓಡಿದವು, ಲಾಕುಗಳೂ ಬಂದವು. ಅಲ್ಲಿ 'ಲಾಕುಲ ದಗ್ಗರ' (ಲಾಕುಗಳ ಹತ್ತಿರ) ಎಂದರೆ ಹಳ್ಳಿಯ ಅಜ್ಜಿಗೂ ಗೊತ್ತು. ನಮ್ಮ ನಾಲೆಗಳು ಗದ್ದೆಗೆ ನೀರು ಬಿಡುವುದಕ್ಕೆ ಮಾತ್ರ. ವಸ್ತುವೇ ಇಲ್ಲದಿದ್ದಾಗ ಪದ ಎಲ್ಲಿಂದ ಬರಬೇಕು? ಬ್ಯಾಂಕು, ಬಸ್ಸು ಆದ ಹಾಗೆ ಲಾಕು. ಆದರೆ ಲಾಕಿನ ಬಾಗಿಲಲ್ಲಿ ನೀರು ಬಿಡುವ ಕಿಂಡಿ ಇದೆಯಲ್ಲ, ಅದಕ್ಕೆ ಮಾತ್ರ ಇಂಗ್ಲಿಷ್ ಬೇಡ. ಅದು 'ತೂಬು'. ಕೆರೆಗೆ ಇರುವುದೇ, ಶಾಸನಗಳಲ್ಲೂ ಸಿಗುವ ಪದ.

ಮೈಸೂರಿನಿಂದ:

ತೂಬು ಒಪ್ಪಿದೆ. ಲಾಕು ಒಪ್ಪುವುದಿಲ್ಲ. ತೆಲುಗರು ಬಾವಿಗೆ ಬಿದ್ದರೆ ನಾವೂ ಬೀಳಬೇಕೇ? ದಕ್ಕೆ ಮರಾಠಿಯ ಧಕ್ಕಾ. ಅದೂ ಬೇಡ.

ಬೆಂಗಳೂರಿನಿಂದ:

ಮೇಷ್ಟ್ರೇ, ಲಂಗರು ಫಾರಸಿ ಎಂದು ಹೊರಹಾಕಿ, ಅದೇ ಉಸಿರಿನಲ್ಲಿ 'ಚುಕ್ಕಾಣಿ ಹಿಡಿಯಿರಿ' ಎಂದಿರಲ್ಲ. ಚುಕ್ಕಾಣಿಯ ಮೂಲ ಅರಬ್ಬಿಯ 'ಸುಕ್ಕಾನ್'. ಬಂದರು ಫಾರಸಿ. ನಮ್ಮ ಕರಾವಳಿಗೆ ಅರಬ್ಬರು ಕುದುರೆ ತಂದರು, ಪದಗಳನ್ನೂ ತಂದರು. ಕುದುರೆಯನ್ನು ಮಾತ್ರ ಇಟ್ಟುಕೊಂಡು ಪದ ವಾಪಸ್ ಕಳಿಸುವುದು ಹೇಗೆ?

ಮೈಸೂರಿನಿಂದ:

ಚುಕ್ಕಾಣಿಯನ್ನು ಕನ್ನಡ ಜೀರ್ಣಿಸಿಕೊಂಡಿದೆ.

ಬೆಂಗಳೂರಿನಿಂದ:

ಲಂಗರು ಇನ್ನೆಷ್ಟು ವರ್ಷ ಹೊಟ್ಟೆಯಲ್ಲಿರಬೇಕು ಎಂದು ಹೇಳಿಬಿಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ.

ತುಮಕೂರಿನಿಂದ:

ಎಲ್ಲಕ್ಕೂ ಸಂಸ್ಕೃತದಲ್ಲಿ ಪದ ಇದೆ. ನೌಬಂಧನ, ಜಲದ್ವಾರ, ನೌಕಾಯಾನ. ಕಾಲುವೆಯದು ಭಾಗಶಃ ಜೀರ್ಣೋದ್ಧಾರ. ಸುಮ್ನೆ ಜಗಳ ಯಾಕೆ?

ಧಾರವಾಡದಿಂದ:

ಜೀರ್ಣೋದ್ಧಾರ ಅಂದರೆ ಕುಂಭಾಭಿಷೇಕಕ್ಕೆ ಕರೆಯೋಲೆ ಬಂತೇನು ಅಂತ ಕೇಳುತ್ತಾರೆ ರೀ. ಜಲದ್ವಾರ ಅಂದರೆ ಬರೀ ಬಾಗಿಲು. ಲಾಕು ಅಂದರೆ ಎರಡೂ ಕಡೆ ಬಾಗಿಲಿರುವ ಇಡೀ ತೊಟ್ಟಿ.

ಶ್ರಾಪ್‌ಶೈರ್‌ನಿಂದ:

ನೌಕಾಯಾನ ಬೇಡ ಸರ್. ಇಲ್ಲಿ ವೇಗದ ಮಿತಿ ಹೆಚ್ಚೆಂದರೆ ಗಂಟೆಗೆ 4 ಮೈಲಿ. ನಾಯಿ ಹಿಡಿದುಕೊಂಡು ವಾಕಿಂಗ್ ಹೋಗುವವರು ನಮ್ಮನ್ನು ದಾಟಿಕೊಂಡು ಹೋಗುತ್ತಾರೆ. 'ದೋಣಿ ನಡೆಸು' ಸಾಕು.

'ತಿರುಗುಮಡು' ಮನೆಯವರ ಮುಂದೆ ಓದಿದೆ. ಮಾವ ಮೊದಲು ಕೇಳಿದ್ದು ಮೊಸಳೆ ಇದೆಯಾ ಅಂತ. ಹೋಗಲಿ ಎಂದು 'ತಿರುಗುಗುಂಡಿ' ಎಂದೆ. ಬೆಂಗಳೂರಿನವರಲ್ಲವಾ, ರಸ್ತೆ ನೆನಪಾಯಿತು.

'ಕಟ್ಟಿಹಾಕು' ನನಗೆ ತುಂಬಾ ಹಿಡಿಸಿತು. ಆದರೆ ಒಂದು ತೊಡಕಿದೆ, ಅದಕ್ಕೇ ಇಷ್ಟು ಪೀಡಿಸುತ್ತಿರುವುದು. ಹೋದ ವರ್ಷ ಬೇರೊಂದು ಕಾಲುವೆಯ ಲಾಕಿನಲ್ಲಿ ಕೆಳಗೆ ಇಳಿಯುತ್ತಿದ್ದೆವು. ನಾನು ದಡದ ಮೇಲಿಂದ "ಮಾವ, ಹಗ್ಗ ಕಟ್ಟಿ" ಎಂದೆ. ಅವರು ಊರಿನ ಹಸುವಿನ ಗಂಟನ್ನೇ ಹಾಕಿದರು. ನೀರು ಇಳಿಯಿತು, ದೋಣಿ ಇಳಿಯಲಿಲ್ಲ. ಒಂದು ಕಡೆ ನೇತಾಡಿತು. ಒಳಗೆ ತಟ್ಟೆ ಲೋಟ ಎಲ್ಲಾ ಜಾರಿತು, ಅತ್ತೆ ಮಂತ್ರ ಶುರು ಮಾಡಿದರು. ನಾನು ಓಡಿಹೋಗಿ ತೂಬು ಮುಚ್ಚಿ, ಮೇಲಿನ ತೂಬು ಎತ್ತಿ ನೀರು ತುಂಬಿಸುವವರೆಗೆ ಜೀವ ಬಾಯಿಗೆ ಬಂದಿತ್ತು. ಕ್ರಿಕ್‌ಹೀತ್ ತಲುಪುವಷ್ಟರಲ್ಲಿ ಇಂಥ 8 ಲಾಕು ದಾಟಬೇಕು. ಫ್ರಾಂಕ್ಟನ್ನಿನಲ್ಲೇ ನಾಲ್ಕು, ಅವುಗಳಲ್ಲಿ ಮೊದಲ ಎರಡು ಒಂದಕ್ಕೊಂದು ಅಂಟಿಕೊಂಡಿವೆ. ಅಲ್ಲಿ ಇಳಿಯಲು ಮೊದಲೇ ಬುಕ್ ಮಾಡಬೇಕು. ಹಾಗಾಗಿ ಲಾಕಿನಲ್ಲಿ ಮಾಡುವ ಕೆಲಸಕ್ಕೆ 'ಕಟ್ಟು' ಎಲ್ಲೂ ಬರಬಾರದು. ಇನ್ನೊಂದು, ಇಳಿಯುವಾಗ ಹಿಂದಿನ ಬಾಗಿಲ ಬುಡದಲ್ಲಿ ಕಾಂಕ್ರೀಟಿನ ಚಾಚು ಇರುತ್ತದೆ. ದೋಣಿಯ ಹಿಂಭಾಗ ಅದರ ಮೇಲೆ ಕೂತುಬಿಟ್ಟರೆ ಮುಂಭಾಗ ಮುಳುಗುತ್ತದೆ. ಅದಕ್ಕೆ ಇಂಗ್ಲಿಷಿನಲ್ಲಿ ಸಿಲ್ ಅನ್ನುತ್ತಾರೆ.

ಮಲ್ಪೆಯಿಂದ:

ಲಾಕಿನಲ್ಲಿ 'ಸುತ್ತಿ ಹಿಡಿ'. ಕಂಬಕ್ಕೆ ಒಂದು ಸುತ್ತು, ತುದಿ ಕೈಯಲ್ಲಿ. ದೋಣಿ ಇಳಿದ ಹಾಗೆ 'ಬಿಡುತ್ತಾ ಬಾ'. ಗಂಟಿಲ್ಲ.

ಧಾರವಾಡದಿಂದ:

ಬಾಗಿಲ ಬುಡದಲ್ಲಿ ಇರೋದು ಹೊಸ್ತಿಲು. ಇದಕ್ಕೂ ಮೇಲಿಂಗ್ ಲಿಸ್ಟ್ ಬೇಕಿತ್ತೇನು ತಂಗಿ?

ಶ್ರಾಪ್‌ಶೈರ್‌ನಿಂದ:

ಹೊಸ್ತಿಲು! ಹೌದಲ್ಲ ಅಣ್ಣ. 'ಹೊಸ್ತಿಲ ಮೇಲೆ ಕೂರಬಾರದು' ಎಂದರೆ ನಮ್ಮಮ್ಮನಿಗೆ ಬೇರೆ ಏನೂ ಹೇಳಬೇಕಿಲ್ಲ.

ಹಾಳೆ ಹೀಗಾಗಿದೆ:

"ರಾತ್ರಿ ನಿಲ್ಲುವಾಗ ದಡದಲ್ಲಿ ಗೂಟ ಹೊಡೆದು ದೋಣಿ ಕಟ್ಟಿಹಾಕಿ. ಮುಂದಿನ ಹಗ್ಗ ಮುಂದಕ್ಕೆ, ಹಿಂದಿನದು ಹಿಂದಕ್ಕೆ. ಲಾಕಿನ ಬಾಗಿಲ ಹತ್ತಿರವೂ ದೋಣಿ ತಿರುಗಿಸುವ ಜಾಗದಲ್ಲೂ ಕಟ್ಟಿಹಾಕಬೇಡಿ. ಲಾಕಿನೊಳಗೆ ಹಗ್ಗ ಸುತ್ತಿ ಹಿಡಿಯಿರಿ, ಗಂಟು ಹಾಕಬೇಡಿ. ಇಳಿಯುವಾಗ ಹೊಸ್ತಿಲಿನಿಂದ ಮುಂದೆ ಇರಿ. ತೊಂದರೆ ಕಂಡರೆ ಕೂಗಿ: ತೂಬು ಮುಚ್ಚಿ! ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಎದುರಿನಿಂದ ದೋಣಿ ಬಂದರೆ ನಾವು ಬಲಕ್ಕೆ. ಕಟ್ಟಿಹಾಕಿದ ದೋಣಿಗಳ ಪಕ್ಕದಲ್ಲಿ ಇನ್ನೂ ನಿಧಾನ. ಕ್ರಿಕ್‌ಹೀತ್‌ನಲ್ಲಿ ಹಿಂದಿರುಗಬೇಕು."

ಅಂಗಡಿ ಐದಕ್ಕೆ ಮುಚ್ಚುತ್ತದೆ. ಕಾಗುಣಿತ ತಪ್ಪಿದ್ದರೆ ಮಾತ್ರ ಹೇಳಿ.

ಮೈಸೂರಿನಿಂದ:

ಕಾಗುಣಿತ ಸರಿಯಿದೆ. 'ಲಾಕಿನೊಳಗೆ' ಎಂಬಲ್ಲಿ 'ನೀರೇಣಿಯೊಳಗೆ' ಎಂದು ತಿದ್ದಲು ಇನ್ನೂ ಸಮಯವಿದೆ.

ಶ್ರಾಪ್‌ಶೈರ್‌ನಿಂದ:

ಪ್ರಿಂಟ್ ಆಯಿತು ಮೇಷ್ಟ್ರೇ.