ಕುಯ್ಲಿನ ಕೂಲಿ ಕೊಡದ ಮಾಲೀಕರಿಗೆ ಜೈಲು ಶಿಕ್ಷೆಯಾಗುತ್ತದೆಯೇ?

ಪ್ರಶ್ನೆ: ನಮಸ್ಕಾರ ವಕೀಲರೇ. ನನ್ನ ತಾಯಿ ಮತ್ತು ಚಿಕ್ಕಮ್ಮ ಕೊಡಗಿನ ಸಿದ್ದಾಪುರದ ಹತ್ತಿರದ ತೋಟವೊಂದಕ್ಕೆ ಈ ಸಲದ ಕಾಫಿ ಕುಯ್ಲಿಗೆ ಹೋಗಿದ್ದರು. ಕೊನೆಯ ವಾರಗಳ ಬಟವಾಡೆ ಇನ್ನೂ ಆಗಿಲ್ಲ. ಮಾಲೀಕರು ಕೊಟ್ಟಿಲ್ಲವೆಂದು ಕೆಲಸಕ್ಕೆ ಕರೆದೊಯ್ದ ಮೇಸ್ತ್ರಿ ಹೇಳಿದರೆ, ಮೇಸ್ತ್ರಿಯ ಕೈಗೆ ಕೊಟ್ಟಾಗಿದೆಯೆಂದು ಮಾಲೀಕರು ಹೇಳುತ್ತಾರೆ. ಕುಯ್ದ ಕಾಫಿಯ ದಿನದಿನದ ತೂಕವನ್ನು ತಾಯಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿರುವುದನ್ನು ಬಿಟ್ಟರೆ ನಮ್ಮಲ್ಲಿ ದಾಖಲೆಯಿಲ್ಲ. ಮಾಲೀಕರಿಗೆ ಜೈಲಾಗುವುದೇ?

ಉತ್ತರ: ಮೊದಲ ಸಲಕ್ಕೇ ಆಗುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ 54ನೇ ಕಲಮಿನಂತೆ, ಸಲ್ಲಬೇಕಾದುದಕ್ಕಿಂತ ಕಡಿಮೆ ಕೊಟ್ಟವರಿಗೆ 50,000 ರೂಪಾಯಿವರೆಗೆ ದಂಡವಷ್ಟೇ ಇದೆ. ಹೀಗೆ ಶಿಕ್ಷೆಯಾದವರು ಐದು ವರ್ಷದೊಳಗೆ ಮತ್ತೆ ಅದೇ ಅಪರಾಧ ಮಾಡಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆದರೆ ಗರಿಷ್ಠ ದಂಡದ ಅರ್ಧ ಕಟ್ಟಿ ಮೊದಲ ಮೊಕದ್ದಮೆಯನ್ನು ರಾಜಿಯಲ್ಲಿ ಮುಗಿಸಿಕೊಳ್ಳಲು ಅವಕಾಶವಿರುವುದರಿಂದ, ಆ ಜೈಲು ಶಿಕ್ಷೆ ಬಹುಮಟ್ಟಿಗೆ ಕಾಗದದಲ್ಲೇ ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ದಂಡದ ಹಣ ಹೋಗುವುದು ಸರ್ಕಾರದ ಖಜಾನೆಗೆ. ಆದ್ದರಿಂದ ಮೊದಲು 45ನೇ ಕಲಮಿನಡಿ ಬಾಕಿ ಕೂಲಿಗೆ ಅರ್ಜಿ ಹಾಕಿರಿ. ಅದಕ್ಕೆ ಮೂರು ವರ್ಷಗಳ ಕಾಲಾವಕಾಶವಿದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸುವ ಅಧಿಕಾರ ಆ ಅರ್ಜಿಯನ್ನು ವಿಚಾರಿಸುವ ಪ್ರಾಧಿಕಾರಕ್ಕಿದೆ. ಮೇಸ್ತ್ರಿ ಕೈಯೆತ್ತಿದರೆ ತೋಟದ ಒಡೆಯರೇ ಕೊಡಬೇಕೆಂದು 43ನೇ ಕಲಮು ಹೇಳುವುದರಿಂದ ಅವರಿಬ್ಬರ ಜಗಳ ನಿಮಗೆ ಸಂಬಂಧಿಸಿದ್ದಲ್ಲ. ಕೂಲಿ ಪಾವತಿಯಾಗಿದೆಯೆಂದು ರುಜುವಾತುಪಡಿಸುವ ಹೊಣೆಯೂ ಮಾಲೀಕರದೇ. ಕ್ಯಾಲೆಂಡರಿನ ಹಾಳೆಗಳನ್ನು ಹರಿಯದೆ ಹಾಗೆಯೇ ಇಟ್ಟುಕೊಳ್ಳಿ. ಚೆಕ್‌ರೋಲನ್ನೂ (ಹಾಜರಿ-ಕೂಲಿ ಪುಸ್ತಕ) ತೂಕದ ಪುಸ್ತಕವನ್ನೂ ಅವರು ಹಾಜರುಪಡಿಸಿದಾಗ ತಾಳೆ ನೋಡಲು ಬೇಕಾಗುತ್ತದೆ.

ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವು ಮಹಿಳೆಯರಿಗೂ ಕಾರ್ಮಿಕರಿಗೂ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ, ಸಹಾಯವಾಣಿ 15100.

ಮತ್ತೊಬ್ಬರ ಪ್ರಶ್ನೆ: ನಮ್ಮ ಪಕ್ಕದ ಲೈನ್ ಮನೆಯಲ್ಲಿ (ತೋಟದ ಕಾರ್ಮಿಕರ ಸಾಲುಮನೆ) ಇರುವ ಎರವ ಬುಡಕಟ್ಟಿನ ದಂಪತಿಗೆ, ಮುಂಗಡ ತೀರುವವರೆಗೆ ಬೇರೆ ತೋಟಕ್ಕೆ ಹೋಗಕೂಡದೆಂದು ತಾಕೀತು ಮಾಡಿ ಕೂಲಿಯನ್ನೂ ಹಿಡಿದಿಟ್ಟಿದ್ದಾರೆ. ಇದಕ್ಕೂ ದಂಡ ಮಾತ್ರವೇ?

ಉತ್ತರ: ಅಲ್ಲ, ಇದು ಬೇರೆಯೇ ಅಪರಾಧ. ಸಾಲದ ನೆಪದಲ್ಲಿ ಹೀಗೆ ಕಟ್ಟಿಹಾಕಿ ದುಡಿಸಿದರೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲು ಶಿಕ್ಷೆಯಿದೆ, ಆ ಸಾಲವೂ ರದ್ದಾಗುತ್ತದೆ. ಎರವರು ಪರಿಶಿಷ್ಟ ಪಂಗಡದವರಾದ್ದರಿಂದ, ದುಡಿಸುವವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಲ್ಲದಿದ್ದರೆ ದೌರ್ಜನ್ಯ ತಡೆ ಕಾಯ್ದೆಯೂ ಅನ್ವಯಿಸಿ, ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಐದು ವರ್ಷದವರೆಗೆ ಶಿಕ್ಷೆಯಾಗಬಹುದು. ಕಾರ್ಮಿಕ ಇಲಾಖೆಗಾಗಿ ಕಾಯುತ್ತ ಕೂರದೆ ತಹಶೀಲ್ದಾರರಿಗೂ ಪೊಲೀಸರಿಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆ ದಂಪತಿಯ ಪರವಾಗಿ ನೀವೂ ದೂರು ಕೊಡಬಹುದು.